ಹೆಪ್ಪುಗಟ್ಟಿದ ಕಾಲುವೆ: ಇಂಗ್ಲೆಂಡಿನ ದೋಣಿಸಾಗಣೆಯ ಚಳಿಗಾಲಗಳು

ಇಂಗ್ಲೆಂಡಿನ ಒಳನಾಡ ಜಲಸಾರಿಗೆಯ ಚರಿತ್ರೆಯಲ್ಲಿ 1962-63ನೆಯ ಚಳಿಗಾಲಕ್ಕೆ ಒಂದು ವಿಶೇಷ ಸ್ಥಾನ ದೊರೆತಿದೆ. ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಹೆಪ್ಪುಗಟ್ಟತೊಡಗಿದ ಕಾಲುವೆಗಳು ಮಾರ್ಚಿ ತಿಂಗಳು ಬರುವವರೆಗೆ ಕರಗಲಿಲ್ಲ; ಕಲ್ಲಿದ್ದಲು ಹೇರಿಕೊಂಡಿದ್ದ ದೋಣಿಗಳು ಇದ್ದಲ್ಲಿಯೇ ಸಿಕ್ಕಿಬಿದ್ದುವು; ಮಂಜು ಕರಗಿದ ಮೇಲೆ ನೋಡಿದರೆ ಸರಕು ಬೇರೆ ದಾರಿ ಹಿಡಿದಿದ್ದಿತು. ಇನ್ನೂರು ವರ್ಷ ನಡೆದುಬಂದ ದೋಣಿಸಾಗಣೆ ಒಂದೇ ಚಳಿಗಾಲದಲ್ಲಿ ಮುಗಿದುಹೋಯಿತೆಂಬ ಈ ಕಥನವನ್ನು ಜನಪ್ರಿಯ ಗ್ರಂಥಗಳು ಮತ್ತೆ ಮತ್ತೆ ಹೇಳುತ್ತ ಬಂದಿವೆ. ಒಂದು ಜೀವನಕ್ರಮದ ಅಳಿವಿಗೆ ಹವಾಮಾನವನ್ನು ಕಾರಣವಾಗಿ ತೋರಿಸುವುದು ಚರಿತ್ರಕಾರನಿಗೆ ಬಹಳ ಅನುಕೂಲವಾದ ಉತ್ತರ. ಹವಾಮಾನವನ್ನು ಕರೆದು ವಿಚಾರಣೆ ನಡೆಸುವಂತಿಲ್ಲವಷ್ಟೆ. ಆದುದರಿಂದಲೇ ಅಂತಹ ಉತ್ತರವನ್ನು ಪರೀಕ್ಷಿಸದೆ ಒಪ್ಪಬಾರದೆಂದು ನಮಗೆ ತೋರುತ್ತದೆ. ಇದಕ್ಕೆ ಮೊದಲೂ ಕಠಿನವಾದ ಚಳಿಗಾಲಗಳು ಬಂದುಹೋಗಿದ್ದುವು. ಆಗೆಲ್ಲ ದೋಣಿಗಳು ಮತ್ತೆ ಹೊರಟಿದ್ದುವು. 1963ರಲ್ಲಿ ಅವುಗಳಲ್ಲಿ ಬಹುಪಾಲು ಏಕೆ ಹೊರಡಲಿಲ್ಲ? ಚಳಿಗಾಲದಲ್ಲಿ ಒಂದು ದೋಣಿಯ ಪ್ರಯಾಣ ಹೇಗೆ ಸಾಗುತ್ತಿದ್ದಿತು, ಅದರ ಕಷ್ಟನಷ್ಟಗಳನ್ನು ಯಾರು ಹೊರುತ್ತಿದ್ದರು ಎಂಬುದನ್ನು ಅರಿತ ಹೊರತು ಈ ಪ್ರಶ್ನೆಗೆ ಉತ್ತರ ದೊರೆಯಲಾರದು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕನ್ನಡದಲ್ಲಿ ಕಾಲುವೆಯೆಂದರೆ ಗದ್ದೆತೋಟಗಳಿಗೆ ನೀರೊಯ್ಯುವ ಹರಿವು. ಇಲ್ಲಿ ನಾವು ಹೇಳಹೊರಟಿರುವ ಕಾಲುವೆ ಹರಿಯುವುದಿಲ್ಲ. ಅದು ನೆಲದ ಏರುತಗ್ಗುಗಳನ್ನು ಬಳಸಿಕೊಂಡು ಒಂದೇ ಮಟ್ಟದಲ್ಲಿ ತೋಡಿದ, ನಾಲ್ಕೈದು ಅಡಿ ಆಳದ, ನಿಂತ ನೀರಿನ ದಾರಿ. ನೆಲ ಏರಿದಲ್ಲಿ ಅಥವಾ ಇಳಿದಲ್ಲಿ ಲಾಕು ಎಂಬ ಕಟ್ಟೆಯನ್ನು ಕಟ್ಟುತ್ತಾರೆ. ಎರಡು ಕೊನೆಗಳಲ್ಲಿಯೂ ಬಾಗಿಲುಗಳಿರುವ ಒಂದು ಕಲ್ಲಿನ ತೊಟ್ಟಿಯೊಳಕ್ಕೆ ದೋಣಿಯನ್ನು ತಂದು, ಬಾಗಿಲು ಮುಚ್ಚಿ, ನೀರು ತುಂಬಿಸಿದರೆ ದೋಣಿ ಮೇಲಿನ ಮಟ್ಟಕ್ಕೆ ಏರುತ್ತದೆ. ನೀರು ಬಿಟ್ಟರೆ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. ಪ್ರತಿಯೊಂದು ಸಲವೂ ಒಂದು ತೊಟ್ಟಿಯಷ್ಟು ನೀರು ಗುಡ್ಡದ ನೆತ್ತಿಯಿಂದ ಕೆಳಕ್ಕೆ ಖರ್ಚಾಗುವುದರಿಂದ ನೆತ್ತಿಯ ಬಳಿ ಕೆರೆಗಳನ್ನು ಕಟ್ಟಿ ನೀರನ್ನು ಒದಗಿಸಬೇಕಾಗುತ್ತದೆ. ಬೇಸಗೆಯಲ್ಲಿ ನೀರಿನ ಅಭಾವ, ಚಳಿಗಾಲದಲ್ಲಿ ನೀರು ಕಲ್ಲಾಗುವ ಭಯ: ಕಾಲುವೆಯ ಒಡೆಯರಿಗೆ ಈ ಎರಡು ಚಿಂತೆಗಳು ತಪ್ಪಿದ್ದಲ್ಲ.

ಈ ದಾರಿಗಳು ಹುಟ್ಟಿದ್ದೇ ಕಲ್ಲಿದ್ದಲಿಗಾಗಿ. ಬ್ರಿಜ್‌ವಾಟರಿನ ಡ್ಯೂಕನಾದ ಫ್ರಾನ್ಸಿಸ್ ಎಜರ್ಟನ್ ತನ್ನ ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿನ ಕಡೆಗೆ ತೋಡಿಸಿದ ಕಾಲುವೆ 1761ರಲ್ಲಿ ತೆರೆದಾಗ ಆ ಪಟ್ಟಣದಲ್ಲಿ ಕಲ್ಲಿದ್ದಲ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಆ ಕೆಲಸದಲ್ಲಿದ್ದ ಜೇಮ್ಸ್ ಬ್ರಿಂಡ್ಲಿಯೇ ಮುಂದೆ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕೂಡಿಸುವ ಕಾಲುವೆಯನ್ನು ಯೋಜಿಸಿದನು. ಪಿಂಗಾಣಿ ಉದ್ಯಮಿ ಜೊಸಾಯ ವೆಜ್‌ವುಡ್ ಅದರ ಮುಖ್ಯ ಪ್ರೋತ್ಸಾಹಕರಲ್ಲೊಬ್ಬನು. 1766ರಲ್ಲಿ ಶಾಸನಸಮ್ಮತಿ ಪಡೆದು 1777ರಲ್ಲಿ ಪೂರ್ತಿಯಾದ ಆ ಕಾಲುವೆಗಾಗಿ ಹೇರ್‌ಕಾಸಲ್ ಗುಡ್ಡದಲ್ಲಿ 2,880 ಗಜ ಉದ್ದದ ಸುರಂಗವನ್ನು ಕೊರೆಯಬೇಕಾಯಿತು. ಖರ್ಚನ್ನೂ ನೀರನ್ನೂ ಉಳಿಸಲೋಸುಗ ಬ್ರಿಂಡ್ಲಿ ಲಾಕುಗಳನ್ನು ಸುಮಾರು 72 ಅಡಿ ಉದ್ದ, 7 ಅಡಿ ಅಗಲಕ್ಕೆ ಮಿತಗೊಳಿಸಿದನು. ಲಾಕಿನ ಅಳತೆಯೇ ದೋಣಿಯ ಅಳತೆಯಾಯಿತು. ನ್ಯಾರೋಬೋಟು ಎಂಬ ಆ ನೀಳವಾದ, ಅತಿ ಸಪುರವಾದ ದೋಣಿಯ ಆಕಾರ ಹೀಗೆ ನಿರ್ಣಯವಾದುದು. ಒಂದು ಹೇರುಕುದುರೆ ಬೆನ್ನಿನ ಮೇಲೆ ಟನ್ನಿನ ಎಂಟನೆಯ ಒಂದು ಪಾಲನ್ನು ಮಾತ್ರ ಹೊರಬಲ್ಲುದು. ಅದೇ ಕುದುರೆ ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ಎಳೆದರೆ ಇಪ್ಪತ್ತೈದು ಮೂವತ್ತು ಟನ್ನುಗಳ ದೋಣಿ ಹಿಂದೆ ಬರುತ್ತದೆ. ಕೈಗಾರಿಕಾ ಕ್ರಾಂತಿಯ ಲೆಕ್ಕಾಚಾರದಲ್ಲಿ ಈ ಒಂದು ವ್ಯತ್ಯಾಸದ ತೂಕ ಬಹಳ ದೊಡ್ಡದು.

ಆಕ್ಸ್‌ಫರ್ಡ್ ಕಾಲುವೆಯ ಮೂಲಕ ಆಕ್ಸ್‌ಫರ್ಡ್ ನಗರಕ್ಕೆ ಮೊದಲ ದೋಣಿಗಳು ಬಂದದ್ದು 1790ನೆಯ ಜನವರಿ 1ರಂದು. ಅವುಗಳನ್ನು ಊರಿನವರು ಸಂಭ್ರಮದಿಂದ ಎದುರುಗೊಂಡರು. ಅದುವರೆಗೆ ಆ ನಗರ ನ್ಯೂಕಾಸಲ್ಲಿನಿಂದ ಸಮುದ್ರದ ಮೇಲೆ ಲಂಡನ್ನಿಗೂ ಅಲ್ಲಿಂದ ಥೇಮ್ಸ್ ನದಿಯಲ್ಲಿ ಮೇಲಕ್ಕೂ ಬರುತ್ತಿದ್ದ ದುಬಾರಿಯ ಕಲ್ಲಿದ್ದಲನ್ನು ನೆಚ್ಚಿಕೊಂಡಿದ್ದಿತು. ನಡುಚಳಿಗಾಲದಲ್ಲಿ ಕವೆಂಟ್ರಿಯ ಕಡೆಯ ಗಣಿಗಳ ಕಲ್ಲಿದ್ದಲು ಮನೆಬಾಗಿಲಿಗೆ ಬಂದಿತೆಂದರೆ ಜನರ ಸಂತೋಷ ಸಹಜವೇ. ಆದರೆ ಇಲ್ಲಿಯೇ ಈ ವ್ಯವಸ್ಥೆಯ ಮೂಲವಿರೋಧವೂ ಅಡಗಿದೆ. ಕಲ್ಲಿದ್ದಲಿಗೆ ಅತ್ಯಧಿಕವಾದ ಬೇಡಿಕೆ ಇರುವುದು ಚಳಿಗಾಲದಲ್ಲಿ. ಕಾಲುವೆ ಕೈಕೊಡುವುದೂ ಚಳಿಗಾಲದಲ್ಲಿಯೇ. ಆಳವಾಗಿ ಹರಿಯುವ ನದಿ ಬೇಗ ಹೆಪ್ಪುಗಟ್ಟುವುದಿಲ್ಲ. ನಾಲ್ಕಡಿಯ ನಿಂತ ನೀರಾದರೋ ಕೆಲವೇ ರಾತ್ರಿಗಳಲ್ಲಿ ತಳದವರೆಗೆ ತಣ್ಣಗಾಗಿ, ಗಾಳಿಯಿಲ್ಲದ ಒಂದು ರಾತ್ರಿ ಮೇಲೆ ಗಾಜಿನಂತಹ ಪದರವನ್ನು ಕಟ್ಟಿಬಿಡುತ್ತದೆ.

ತೆಳುವಾದ ಪದರವನ್ನು ದೋಣಿಯೇ ಸೀಳಿಕೊಂಡು ಹೋಗುತ್ತಿದ್ದಿತು. ಆದರೆ ಒಡೆದ ಮಂಜುಗಡ್ಡೆಯ ಅಂಚು ಮರದ ಹಲಗೆಗೆ ಗರಗಸವಿದ್ದಂತೆ. ನೀರಿನ ಮಟ್ಟದಲ್ಲಿ ದೋಣಿಯ ಮೈಯನ್ನು ಕೊರೆದು ತೂತು ಮಾಡುವಷ್ಟು ಹರಿತ. ಆದುದರಿಂದ ಮುಂಭಾಗಕ್ಕೆ ಕಬ್ಬಿಣದ ತಗಡು ಹೊಡೆಯುವ ಪದ್ಧತಿಯಿದ್ದಿತು. ಪದರ ದಪ್ಪವಾದ ಮೇಲೆ ಕಾಲುವೆ ಕಂಪನಿಗಳು ಮಂಜುಗಡ್ಡೆ ಒಡೆಯುವುದಕ್ಕೆಂದೇ ಮಾಡಿಸಿದ ದೋಣಿಗಳನ್ನು ಹೊರಡಿಸುತ್ತಿದ್ದುವು. ಅವು ಗಿಡ್ಡನೆಯ, ದುಂಡುತಳದ, ಕಬ್ಬಿಣ ಹೊದಿಸಿದ ದೋಣಿಗಳು. ನಡುವೆ ಉದ್ದಕ್ಕೆ ಒಂದು ಕಬ್ಬಿಣದ ಕಂಬಿ. ಅದನ್ನು ಎರಡೂ ಕಡೆಗಳಿಂದ ಹಿಡಿದು ನಿಂತ ಆಳುಗಳು ಒಂದೇ ಲಯದಲ್ಲಿ ಎಡಕ್ಕೂ ಬಲಕ್ಕೂ ವಾಲುತ್ತ ದೋಣಿಯನ್ನು ಉಯ್ಯಾಲೆಯಂತೆ ತೂಗಬೇಕು. ದಂಡೆಯ ಮೇಲೆ ಸಾಲಾಗಿ ಕಟ್ಟಿದ ಕುದುರೆಗಳು, ಕೆಲವೊಮ್ಮೆ ಹತ್ತಕ್ಕೂ ಮಿಗಿಲಾಗಿ, ಅದನ್ನು ಓಡುನಡಗೆಯಲ್ಲಿ ಎಳೆಯುತ್ತಿದ್ದುವು. ಕುದುರೆಗಳ ಲಾಳಕ್ಕೆ ಜಾರದಂತೆ ಮೊನೆಯಾದ ಮೊಳೆಗಳನ್ನು ಹೊಡೆದಿರುತ್ತಿದ್ದರು. ದೋಣಿಯ ಮೂತಿ ಮಂಜುಗಡ್ಡೆಯ ಮೇಲಕ್ಕೆ ಏರಿ, ಭಾರಕ್ಕೆ ಅದು ಮುರಿದು, ಮತ್ತೆ ಏರಿ, ಹೀಗೆ ದಾರಿ ತೆರೆಯಬೇಕಾಗಿದ್ದಿತು. ತೂಗಾಟ ಹೆಚ್ಚಾಗಿ ಆಳುಗಳು ನೀರಿಗೆ ಬೀಳುವುದೂ ಉಂಟು.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ತೆರೆದ ದಾರಿಯಲ್ಲಿ ದೋಣಿಗಳು ಒಂದರ ಹಿಂದೊಂದು ಹಗಲೂ ರಾತ್ರಿಯೂ ಸಾಗುತ್ತಿದ್ದರೆ ನೀರು ಕಲಕಿ, ಒಡೆದ ತುಂಡುಗಳು ಮತ್ತೆ ಬೆಸೆದುಕೊಳ್ಳುವುದಿಲ್ಲ. ಸಂಚಾರ ವಿರಳವಾದರೆ ಆ ತುಂಡುಗಳೇ ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿ ಮೊದಲಿಗಿಂತ ದಪ್ಪವಾಗಿ ಒರಟಾಗಿ ಕೂಡಿಕೊಳ್ಳುತ್ತವೆ. ಎಂದರೆ, ಕಾಲುವೆಯನ್ನು ಚಳಿಯಿಂದ ಕಾಪಾಡುತ್ತಿದ್ದುದು ಮಂಜುಗಡ್ಡೆ ಒಡೆಯುವ ದೋಣಿಯೊಂದೇ ಅಲ್ಲ. ಸಂಚಾರದ ದಟ್ಟಣೆಯೂ ಕಾಪಾಡುತ್ತಿದ್ದಿತು. ನಮ್ಮ ವಿಚಾರಕ್ಕೆ ಈ ಅಂಶ ಮುಂದೆ ಬೇಕಾಗುತ್ತದೆ.

ಇನ್ನು ದೋಣಿಯ ಜನ. 1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ರೈಲುದಾರಿಯೂ 1838ರಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ರೈಲುದಾರಿಯೂ ತೆರೆದ ಮೇಲೆ ಕಾಲುವೆಯ ಸಾಗಣೆದಾರರು ದರವನ್ನು ಇಳಿಸದೆ ಗತ್ಯಂತರವಿರಲಿಲ್ಲ. ಇಳಿದ ದರದ ಭಾರ ಕೊನೆಗೆ ಬಿದ್ದುದು ದೋಣಿಯಾಳಿನ ಕೂಲಿಯ ಮೇಲೆ. ಅವನು ದಂಡೆಯ ಮೇಲಿನ ಮನೆಯನ್ನು ಬಿಟ್ಟು, ಜೊತೆಯ ಆಳುಗಳನ್ನು ಬಿಟ್ಟು, ಹೆಂಡತಿಮಕ್ಕಳನ್ನು ದೋಣಿಗೆ ತಂದನು. ಮೊದಲೇ ಅಲ್ಲಲ್ಲಿ ಇದ್ದ ಈ ರೂಢಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಸಾಮಾನ್ಯವಾಯಿತು. ಬಾಡಿಗೆ ಉಳಿಯಿತು, ಇಬ್ಬರು ಆಳುಗಳ ಕೂಲಿ ಉಳಿಯಿತು, ಹೆಂಗಸಿನ ಮತ್ತು ಮಕ್ಕಳ ದುಡಿಮೆಗೆ ಬೇರೆ ಕೂಲಿ ಇಲ್ಲವಾಯಿತು. ರೈಲಿನ ಪೈಪೋಟಿಯ ಎದುರು ಕಾಲುವೆ ಇನ್ನೂ ನೂರು ವರ್ಷಕ್ಕೂ ಮೇಲ್ಪಟ್ಟು ಉಳಿದುದರ ಗುಟ್ಟು ಬಹುಮಟ್ಟಿಗೆ ಇದೇ ಎಂದು ನಾವು ಭಾವಿಸುತ್ತೇವೆ.

ಹಿಂಬದಿಯ ಆ ಕೋಣೆ ಹತ್ತು ಅಡಿಗಿಂತ ಕಡಮೆ ಉದ್ದ, ಏಳು ಅಡಿಗಿಂತ ಕಡಮೆ ಅಗಲ. ಬಾಗಿಲ ಬಳಿ ಒಂದು ಒಲೆ, ಮಡಿಸಿ ಗೋಡೆಯ ಕಪಾಟಿನಲ್ಲಿ ಸೇರಿಸಬಹುದಾದ ಅಡ್ಡಮಂಚ, ಬಾಗಿಲನ್ನು ಕೆಳಕ್ಕೆ ಬಿಟ್ಟರೆ ಮೇಜಾಗುವ ಬೀರು, ಗುಲಾಬಿಹೂಗಳನ್ನೂ ಕೋಟೆಗಳನ್ನೂ ಬಿಡಿಸಿದ ಹಲಗೆಗಳು, ಲೇಸಿನಂಚಿನ ತಟ್ಟೆಗಳು, ತಿಕ್ಕಿ ಹೊಳಪು ಕೊಟ್ಟ ಹಿತ್ತಾಳೆಯ ಗುಂಡುಗಳು. ಈ ಅಂದಚಂದ ನಂತರದ ಕಾಲದ ರಸಿಕರನ್ನು ಬಹಳವಾಗಿ ಆಕರ್ಷಿಸಿದೆ. ಆ ಗುಲಾಬಿಗಳ ನಡುವೆ ತಂದೆ, ತಾಯಿ, ನಾಲ್ಕೈದು ಮಕ್ಕಳು ಮಲಗುತ್ತಿದ್ದರೆಂಬುದನ್ನು ಮರೆಯಬಾರದು. ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬ ಸುಧಾರಕನು 1875ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಸ್ಥಿತಿ ಪಾರ್ಲಿಮೆಂಟಿನ ಗಮನಕ್ಕೆ ಬಂದು, 1877ರಲ್ಲಿಯೂ 1884ರಲ್ಲಿಯೂ ಕಾಲುವೆದೋಣಿಗಳ ಶಾಸನಗಳಾದುವು; ದೋಣಿಗಳ ನೋಂದಣಿ, ತನಿಖೆ, ವಾಸಿಸುವವರ ಸಂಖ್ಯಾಮಿತಿ ಇವು ಜಾರಿಗೆ ಬಂದುವು. ದೋಣಿಜನರ ಸಂಖ್ಯೆಯನ್ನು ಸ್ಮಿತ್ ಒಂದು ಲಕ್ಷದ ಸಮೀಪಕ್ಕೆ ಏರಿಸಿ ಹೇಳಿದುದನ್ನು ಈಚಿನ ವಿದ್ವಾಂಸರು ಅತಿಶಯೋಕ್ತಿಯೆಂದು ಎಣಿಸುತ್ತಾರೆ. ಅವನು ಮನಸ್ಸುಗಳನ್ನು ಕದಲಿಸುವುದಕ್ಕಾಗಿ ಬರೆದವನು. ಲೆಕ್ಕ ಒಪ್ಪಿಸುವುದಕ್ಕಾಗಿ ಬರೆದವನಲ್ಲ. ಆದರೂ ದೋಣಿಯ ಮಕ್ಕಳು ಶಾಲೆಯ ಮುಖವನ್ನು ಕಾಣದೆ ಬೆಳೆದರೆಂಬ ಅವನ ಮಾತು ಸುಳ್ಳಾಗಲಿಲ್ಲ. ಊರಿಂದೂರಿಗೆ ಸರಿಯುವ ಮನೆಯ ಮಗುವಿಗೆ ಶಾಲೆ ದೊರೆಯುವುದಾದರೂ ಎಲ್ಲಿ?

ಇದರ ಫಲವಾಗಿ ಚರಿತ್ರಕಾರನಿಗೊಂದು ತೊಡಕು ಉಂಟಾಗಿದೆ. ಈ ಜನರಲ್ಲಿ ಹೆಚ್ಚಿನವರು ಓದುಬರಹವಿಲ್ಲದವರಾದುದರಿಂದ ತಮ್ಮ ಬದುಕನ್ನು ತಾವೇ ಬರೆದಿಡಲಿಲ್ಲ. ನಮಗೆ ಉಳಿದಿರುವುದು ಸುಂಕದ ಕಟ್ಟೆಯ ಗುಮಾಸ್ತರು ದೋಣಿ ನೀರಿನಲ್ಲಿ ಎಷ್ಟು ಮುಳುಗಿದೆಯೆಂದು ಅಳೆದು ಬರೆದ ತೂಕದ ಲೆಕ್ಕ, ಕಂಪನಿಗಳ ನಡವಳಿ, ತನಿಖಾಧಿಕಾರಿಗಳ ವರದಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಳುಗಳ ಕೊರತೆಯಿಂದಾಗಿ ನಗರದ ವಿದ್ಯಾವಂತ ಹೆಂಗಸರನ್ನು ತರಬೇತುಗೊಳಿಸಿ ದೋಣಿಗಳ ಮೇಲೆ ಕಳುಹಿಸಿದಾಗ ಮೊದಲ ಬಾರಿಗೆ ಒಳಗಿನ ನೋಟ ದೊರೆಯಿತು. ಸೂಸನ್ ವುಲ್‌ಫಿಟ್ 1947ರಲ್ಲಿಯೂ ಎಮ್ಮಾ ಸ್ಮಿತ್ 1948ರಲ್ಲಿಯೂ ತಮ್ಮ ಅನುಭವಗಳನ್ನು ಆಧರಿಸಿದ ಗ್ರಂಥಗಳನ್ನು ಹೊರತಂದರು. ಈ ಹೆಂಗಸರು ಧರಿಸುತ್ತಿದ್ದ ಬಿಲ್ಲೆಯ ಮೇಲಿನ ಒಳನಾಡ ಜಲಮಾರ್ಗವೆಂಬ ಅರ್ಥದ ಎರಡು ಇಂಗ್ಲಿಷ್ ಅಕ್ಷರಗಳನ್ನು ಜನ ತಮಾಷೆಗೆ ‘ಸೋಮಾರಿ ಹೆಂಗಸರು’ ಎಂದು ಬಿಡಿಸಿ ಓದಿದರಂತೆ. ಅವರ ಬರಹ ಪ್ರಾಮಾಣಿಕವಾದುದು. ಆದರೆ ಅವರಿಗೆ ದಂಡೆಯ ಮೇಲೆ ಮರಳಿಹೋಗಲು ಮನೆಯಿದ್ದಿತೆಂಬುದನ್ನು ನೆನಪಿನಲ್ಲಿಟ್ಟೇ ಓದಬೇಕು.

ಇಂತಹ ಆಧಾರಗಳಿಂದ ಆ ವರ್ಷಗಳ ಒಂದು ಚಳಿಗಾಲದ ಪ್ರಯಾಣವನ್ನು ಬಹುಮಟ್ಟಿಗೆ ಊಹಿಸಿಕೊಳ್ಳಬಹುದು. ಆ ವೇಳೆಗೆ ದೂರದ ಸಾಗಣೆಯಲ್ಲಿ ಕುದುರೆಯ ಸ್ಥಾನಕ್ಕೆ ಡೀಸೆಲ್ ಯಂತ್ರ ಬಂದಿದ್ದಿತು. ಯಂತ್ರವಿರುವ ದೋಣಿಯೊಂದು ಮುಂದೆ, ಅದು ಎಳೆಯುವ ಯಂತ್ರವಿಲ್ಲದ ದೋಣಿಯೊಂದು ಹಿಂದೆ. ಎರಡರಲ್ಲಿಯೂ ಸೇರಿ ಸುಮಾರು 50 ಟನ್ನು ಕಲ್ಲಿದ್ದಲು. ಒಂದನ್ನು ಗಂಡ, ಇನ್ನೊಂದನ್ನು ಹೆಂಡತಿ ನಡೆಸುವರು. ಕವೆಂಟ್ರಿಯ ಬಳಿ ಹಾಕ್ಸ್‌ಬರಿ ಎಂಬಲ್ಲಿ ಕವೆಂಟ್ರಿ ಮತ್ತು ಆಕ್ಸ್‌ಫರ್ಡ್ ಕಾಲುವೆಗಳು ಕೂಡುತ್ತವೆ. ದೋಣಿಯವರು ಅದನ್ನು ಲಾಕುಗಾವಲಿನ ಒಂದು ಮನೆತನದ ಹೆಸರಿನಿಂದ ಸಟನ್ಸ್ ಸ್ಟಾಪ್ ಎಂದೇ ಕರೆಯುತ್ತಿದ್ದರು. ಯಾವ ಗಣಿಯಿಂದ ಯಾವ ಕಾರ್ಖಾನೆಗೆ ಹೇರಬೇಕೆಂಬ ಅಪ್ಪಣೆಗಾಗಿ ಅವರು ಕಾಯುತ್ತಿದ್ದುದು ಅಲ್ಲಿಯೇ. ನೆಂಟರನ್ನು ಕಾಣುತ್ತಿದ್ದುದೂ ಅಲ್ಲಿಯೇ. ಅಲ್ಲಿಂದ ಹೊರಟರೆ ರಗ್ಬಿಯ ಸಮೀಪದ ಹಿಲ್‌ಮಾರ್ಟನ್ನಿನಲ್ಲಿ ಮೂರು ಜೋಡಿ ಲಾಕುಗಳು, ಆಮೇಲೆ ಬ್ರಾನ್‌ಸ್ಟನ್. ಅಲ್ಲಿ ಗ್ರ್ಯಾಂಡ್ ಯೂನಿಯನ್ ಕಾಲುವೆಗೆ ಹೊಕ್ಕು ಆರು ಲಾಕುಗಳನ್ನು ಏರಿ, 2,042 ಗಜದ ಸುರಂಗವನ್ನು ದಾಟಿ, ಬಕ್‌ಬಿಯ ಏಳು ಲಾಕುಗಳನ್ನು ಇಳಿಯಬೇಕು. ಹಿಂದೆ ಗ್ರ್ಯಾಂಡ್ ಜಂಕ್ಷನ್ ಎನಿಸಿಕೊಂಡು 1805ರಲ್ಲಿ ಪೂರ್ತಿಯಾದ ಈ ದಾರಿ ಬ್ರಾನ್‌ಸ್ಟನ್ನಿನಿಂದ ಲಂಡನ್ನಿನ ಪಕ್ಕದ ಬ್ರೆಂಟ್‌ಫರ್ಡಿನವರೆಗೆ 93 ಮೈಲಿಗಳಷ್ಟು ಉದ್ದ, ಲಾಕುಗಳು ನೂರರಷ್ಟು.

ಚಳಿಗಾಲದಲ್ಲಿ ಆ ನೂರು ಲಾಕುಗಳ ಅರ್ಥವೇ ಬೇರೆ. ಬೆಳಗಾಗುವುದಕ್ಕೆ ಮೊದಲೇ, ಕತ್ತಲಲ್ಲಿ, ಹೆಂಗಸೋ ಹತ್ತು ವರ್ಷದ ಮಗುವೋ ಮುಂದೆ ನಡೆದುಹೋಗಿ ಲಾಕನ್ನು ಸಿದ್ಧಪಡಿಸಬೇಕು. ನೀರುಗಂಡಿಯನ್ನು ಎತ್ತುವ ಕಬ್ಬಿಣದ ತಿರುಗುಹಿಡಿ ಬರಿಗೈಗೆ ಅಂಟಿಕೊಳ್ಳುವಷ್ಟು ತಣ್ಣಗಿರುತ್ತದೆ. ನೆನೆದ ಹಗ್ಗ ರಾತ್ರಿ ಕೋಲಿನಂತೆ ಸೆಟೆದಿರುತ್ತದೆ. ಅದನ್ನು ಒಲೆಯ ಬಳಿಯಿಟ್ಟು ಮೆದುಮಾಡಬೇಕು. ಬಾಗಿಲ ತೊಲೆಯನ್ನು ಬೆನ್ನಿನಿಂದ ನೂಕುವಾಗ ಕಾಲೂರುವ ಇಟ್ಟಿಗೆಯ ಮೇಲೆಯೂ ಬಾಗಿಲ ಮೇಲಿನ ಕಿರಿದಾದ ಹಲಗೆಯ ಮೇಲೆಯೂ ಮಂಜು ಕಟ್ಟಿರುತ್ತದೆ. ಅಲ್ಲಿಂದ ಜಾರಿದರೆ ಬೀಳುವುದು ಆಳವಾದ ತೊಟ್ಟಿಗೆ. ದೋಣಿಯವರಲ್ಲಿ ಈಜು ಬಲ್ಲವರೋ ಕಡಮೆ. ದೋಣಿಯೊಡನೆ ಲಾಕಿನೊಳಕ್ಕೆ ನುಗ್ಗಿದ ಮಂಜುಗಡ್ಡೆ ಬಾಗಿಲ ಹಿಂದೆ ಸಿಕ್ಕಿಕೊಂಡರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ; ಉದ್ದನೆಯ ಗಳದಿಂದ ತುಂಡುತುಂಡಾಗಿ ಎಳೆದು ಹಾಕಬೇಕು. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿದರೆ, ಮುಂದೆ ಇನ್ನೂ ಎಷ್ಟು ಲಾಕುಗಳಿವೆಯೆಂದು ಲೆಕ್ಕ ಹಾಕಿದರೆ ದಿನ ಹೇಗೆ ಕಳೆಯುತ್ತಿದ್ದಿತೆಂಬುದು ತಿಳಿಯುತ್ತದೆ. ಒಂದು ಅನುಕೂಲವೆಂದರೆ ಕಲ್ಲಿದ್ದಲ ದೋಣಿಯಲ್ಲಿ ಒಲೆಗೆ ಉರಿ ಸಾಲದೆಂಬುದಿರಲಿಲ್ಲ. ಅದರ ಲೆಕ್ಕವನ್ನು ಯಾರೂ ಬಹಳ ಕಟ್ಟುನಿಟ್ಟಾಗಿ ಕೇಳುತ್ತಿರಲಿಲ್ಲವೆಂದು ನಂಬಬಹುದು.

3,076 ಗಜ ಉದ್ದದ ಬ್ಲಿಸ್‌ವರ್ತ್ ಸುರಂಗದೊಳಗೆ ಹೊಕ್ಕಾಗ ಮಾತ್ರ ಚಳಿಯ ಹೊಡೆತ ತಗ್ಗುತ್ತಿದ್ದಿತು; ನೆಲದೊಳಗಿನ ಗಾಳಿ ಹೊರಗಿನಷ್ಟು ಕೊರೆಯುವುದಿಲ್ಲ. ಅದರಾಚೆಗೆ ಸ್ಟೋಕ್ ಬ್ರುಯೆರ್ನ್ ಎಂಬ ಹಳ್ಳಿ, ಮತ್ತೆ ಏಳು ಲಾಕುಗಳು. ಈ ಹಳ್ಳಿಯಲ್ಲಿ ಮೇರಿ ವಾರ್ಡ್ ಎಂಬ ದಾದಿ ದಶಕಗಳ ಕಾಲ ದೋಣಿಜನರ ಹೆರಿಗೆ, ಗಾಯ, ಜ್ವರ ಎಲ್ಲಕ್ಕೂ ತಮ್ಮ ಮನೆಯಲ್ಲಿಯೇ ಶುಶ್ರೂಷೆ ಮಾಡಿದರು, 1962ರಲ್ಲಿ ನಿವೃತ್ತರಾದರು. ನಿಲ್ಲದೆ ಸಾಗುವ ಜನಕ್ಕೆ ವೈದ್ಯನ ಬಾಗಿಲಲ್ಲಿ ಸರದಿ ಕಾಯುವುದು ಸಾಧ್ಯವಿರಲಿಲ್ಲವಾದುದರಿಂದ ಕಾಲುವೆಯ ಅಂಚಿನ ಈ ಮನೆ ಅವರ ಪಾಲಿಗೆ ಆಸ್ಪತ್ರೆಯೇ ಆಗಿದ್ದಿತು. ಮುಂದೆ ಗ್ರೇಟ್ ಊಸ್ ನದಿಯ ಮೇಲಿನ ಕಬ್ಬಿಣದ ಮೇಲ್ಗಾಲುವೆ. ಮಾರ್ಸ್‌ವರ್ತಿನ ಏಳು ಲಾಕುಗಳನ್ನು ಏರಿದರೆ ಟ್ರಿಂಗ್ ನೆತ್ತಿ. ನೆಲವನ್ನು ಆಳವಾಗಿ ಕಡಿದು ತೋಡಿದ ದಾರಿಯಲ್ಲಿ ಸಾಗುವ ಈ ನೆತ್ತಿಯೇ ಚಳಿಗಾಲದಲ್ಲಿ ದೋಣಿಯವರು ಹೆದರುತ್ತಿದ್ದ ಜಾಗ. ಅಲ್ಲಿಂದ ಇಳಿಜಾರು, ಕ್ರಾಕ್ಸ್‌ಲಿಯ ಕಾಗದದ ಕಾರ್ಖಾನೆ, ಸೌತ್‌ಹಾಲಿನ ಜಾಮ್ ಕಾರ್ಖಾನೆ, ಕೊನೆಗೆ ಬ್ರೆಂಟ್‌ಫರ್ಡ್. ಯುದ್ಧಕಾಲದ ಆ ಹೆಂಗಸರಿಗೆ ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಉಕ್ಕು ಮೊದಲಾದುವನ್ನು ಸಾಗಿಸಿ, ಕವೆಂಟ್ರಿಯ ಗಣಿಗಳಲ್ಲಿ ಕಲ್ಲಿದ್ದಲು ಹೇರಿ ಹಿಂದಿರುಗಲು ಮೂರು ವಾರಗಳಷ್ಟು ಹಿಡಿಯುತ್ತಿದ್ದಿತು. ಹುಟ್ಟಿನಿಂದ ಅದೇ ಕೆಲಸದಲ್ಲಿ ಬೆಳೆದವರು ಅದಕ್ಕಿಂತ ಬೇಗ ಮುಗಿಸುತ್ತಿದ್ದರು. ಮುಗಿಸಲೇಬೇಕಾಗಿದ್ದಿತು, ಕೂಲಿ ಪ್ರಯಾಣಕ್ಕೆ, ಟನ್ನಿಗೆ ಇಷ್ಟೆಂದು ಗೊತ್ತಾಗಿದ್ದಿತು. ನಿಂತ ದಿನಗಳಿಗೆಂದು ಏನಾದರೂ ಕೈಗೆ ಬಂದರೂ ಅದು ಸಾಗಿದ ದಿನಗಳ ಗಳಿಕೆಗೆ ಸಮನಾಗಿರಲಿಲ್ಲ. ಮಂಜುಗಡ್ಡೆಯ ನಷ್ಟವನ್ನು ಹೊರುತ್ತಿದ್ದವರು ಯಾರೆಂಬ ಪ್ರಶ್ನೆಗೆ ಇದೇ ಉತ್ತರ.

ಹಿಂದಿನ ಕಠಿನ ಚಳಿಗಾಲಗಳಲ್ಲಿ ಎರಡನ್ನು ಇಲ್ಲಿ ಹೋಲಿಸಿ ನೋಡುವುದು ಯುಕ್ತ. 1895ನೆಯ ಫೆಬ್ರವರಿಯಲ್ಲಿ ಥೇಮ್ಸ್ ನದಿಯಲ್ಲಿಯೇ ಮಂಜುಗಡ್ಡೆಯ ರಾಶಿಗಳು ತೇಲಿದುವು. ಸ್ಕಾಟ್ಲೆಂಡಿನ ಬ್ರೇಮಾರಿನಲ್ಲಿ ಆ ತಿಂಗಳ 11ರಂದು ಉಷ್ಣಮಾನ ಶೂನ್ಯಕ್ಕಿಂತ 27.2 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ಇಳಿಯಿತು. ಕಾಲುವೆಗಳು ನಿಂತುವು; ಆದರೆ ಮಂಜು ಕರಗಿದೊಡನೆ ಸಾಗಣೆ ಎಂದಿನಂತೆ ಮುಂದುವರಿಯಿತು. ಆಗ ರೈಲನ್ನುಳಿದರೆ ಬೇರೆ ಪ್ರತಿಸ್ಪರ್ಧಿಯಿರಲಿಲ್ಲ; ಕಾಲುವೆಯ ದಂಡೆಯ ಮೇಲೆಯೇ ಕಟ್ಟಿದ ಕಾರ್ಖಾನೆಗಳಿಗೆ ದೋಣಿಯೇ ಹತ್ತಿರ. 1889ರಲ್ಲಿ ರೂಪುಗೊಂಡ ಫೆಲೋಸ್ ಮಾರ್ಟನ್ ಅಂಡ್ ಕ್ಲೇಟನ್ ಕಂಪನಿಯ ಉಗಿದೋಣಿಗಳು ಹಗಲಿರುಳೆನ್ನದೆ ಓಡುತ್ತಿದ್ದ ಕಾಲವದು.

1947ರ ಸಂಗತಿ ಇನ್ನೂ ಬೋಧಪ್ರದವಾಗಿದೆ. ಜನವರಿಯ ಉತ್ತರಾರ್ಧದಿಂದ ಮಾರ್ಚಿಯ ನಡುಭಾಗದವರೆಗೆ ಹಿಡಿದ ಆ ಚಳಿಯಲ್ಲಿ ಕಾಲುವೆಗಳಂತೆಯೇ ರೈಲುಗಳೂ ಹಿಮದಲ್ಲಿ ಹೂತುಹೋದುವು. ಅದೇ ವರ್ಷದ ಜನವರಿ 1ರಂದು ರಾಷ್ಟ್ರದ ವಶಕ್ಕೆ ಬಂದಿದ್ದ ಗಣಿಗಳ ಬಾಯಲ್ಲಿ ಕಲ್ಲಿದ್ದಲು ರಾಶಿಬಿದ್ದಿತು. ವಿದ್ಯುತ್ತಿನ ಅಭಾವದಿಂದ ಕಾರ್ಖಾನೆಗಳು ಮುಚ್ಚಿ ಸುಮಾರು ಇಪ್ಪತ್ತು ಲಕ್ಷ ಜನ ತಾತ್ಕಾಲಿಕವಾಗಿ ನಿರುದ್ಯೋಗಿಗಳಾದರು. ಎಲ್ಲ ದಾರಿಗಳೂ ಒಟ್ಟಿಗೆ ಮುಚ್ಚಿದಾಗ ಒಂದು ದಾರಿಯನ್ನು ಮಾತ್ರ ಯಾರೂ ದೂರುವುದಿಲ್ಲ. ಕರಗಿದ ಮೇಲೆ ದೇಶಕ್ಕೆ ಕಲ್ಲಿದ್ದಲು ಎಷ್ಟು ಬಂದರೂ ಸಾಲದಾಗಿದ್ದಿತು. ದೋಣಿಗಳಿಗೆ ಕೈತುಂಬ ಕೆಲಸ ಸಿಕ್ಕಿತು. ಚಳಿಯ ತೀವ್ರತೆಯೊಂದೇ ಸಾಗಣೆಯ ಹಣೆಬರಹವನ್ನು ನಿರ್ಣಯಿಸುವುದಿಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಹಾಗಾದರೆ 1962-63ರಲ್ಲಿ ಬೇರೆಯಾಗಿದ್ದುದೇನು? ಚಳಿ ಅಸಾಧಾರಣವಾಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಡಿಸೆಂಬರ್ 26ರಂದು ಹಿಮ ಬೀಳತೊಡಗಿತು. 29, 30ರಂದು ಹಿಮದ ಬಿರುಗಾಳಿ ಬೀಸಿತು. 1963ರ ಜನವರಿಯಲ್ಲಿ ಮಧ್ಯ ಇಂಗ್ಲೆಂಡಿನ ಸರಾಸರಿ ಉಷ್ಣಮಾನ ಶೂನ್ಯಕ್ಕಿಂತ 2.1 ಡಿಗ್ರಿ ಕೆಳಗಿದ್ದಿತು. 1814ನೆಯ ಜನವರಿಯ ಅನಂತರ ಅಷ್ಟು ತಣ್ಣನೆಯ ತಿಂಗಳು ಬಂದಿರಲಿಲ್ಲ. ಮಾರ್ಚಿ 6ರವರೆಗೆ ಹಿಮಗಟ್ಟದ ಬೆಳಗು ಕಾಣಲಿಲ್ಲ. ಆದರೆ ಹಿಮಕ್ಕೆ ಮೊದಲೇ ನಡೆದಿದ್ದ ಸಂಗತಿಗಳನ್ನು ನೋಡಬೇಕು. ಫೆಲೋಸ್ ಮಾರ್ಟನ್ ಕಂಪನಿ 1948ರಲ್ಲಿಯೇ ವ್ಯವಹಾರವನ್ನು ಮುಗಿಸಿದ್ದಿತು. ಅದೇ ವರ್ಷದ ಜನವರಿ 1ರಂದು ಕಾಲುವೆಗಳಲ್ಲಿ ಬಹುಭಾಗ ರಾಷ್ಟ್ರೀಕರಣಗೊಂಡು ರೈಲು ರಸ್ತೆಗಳನ್ನೂ ನೋಡಿಕೊಳ್ಳುವ ಸಾರಿಗೆ ಆಯೋಗದ ಕೈಕೆಳಗೆ ಬಂದಿದ್ದುವು. ಆ ದೊಡ್ಡ ಸಂಸಾರದಲ್ಲಿ ಕಿರುಕಾಲುವೆ ಮಲಮಗುವಾಯಿತು. 1956ರ ಶುದ್ಧವಾಯು ಶಾಸನದ ತರುವಾಯ ಕಾರ್ಖಾನೆಗಳೂ ಮನೆಗಳೂ ಕಲ್ಲಿದ್ದಲನ್ನು ಬಿಟ್ಟು ಎಣ್ಣೆ, ವಿದ್ಯುತ್ತುಗಳತ್ತ ತಿರುಗುತ್ತಿದ್ದುವು. 1959ರ ನವೆಂಬರಿನಲ್ಲಿ ಎಂ-1 ಹೆದ್ದಾರಿಯ ಮೊದಲ ಭಾಗ ತೆರೆಯಿತು. ಬಕ್‌ಬಿಯಿಂದ ಅನತಿದೂರದ ವಾಟ್‌ಫರ್ಡ್ ಗ್ಯಾಪ್ ಎಂಬ ಕಣಿವೆಯಲ್ಲಿ ರೋಮನರ ಹಳೆಯ ಹೆದ್ದಾರಿ, ಕಾಲುವೆ, ರೈಲು, ಹೊಸ ಹೆದ್ದಾರಿ ಇವು ನಾಲ್ಕೂ ಕೂಗಳತೆಯಲ್ಲಿ ಒತ್ತೊತ್ತಾಗಿ ಸಾಗುತ್ತವೆ. ಇಂಗ್ಲೆಂಡಿನ ಸಾರಿಗೆಯ ಚರಿತ್ರೆಯನ್ನು ಒಂದೇ ನೋಟದಲ್ಲಿ ಓದಬಯಸುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಂಜುಗಡ್ಡೆಯಲ್ಲಿ ಸಿಕ್ಕಿದ ದೋಣಿಯಿಂದ ಕೆಲವೇ ನೂರು ಗಜಗಳ ದೂರದಲ್ಲಿ ಲಾರಿಗಳು ಓಡುತ್ತಿದ್ದುವು.

ಸಂಚಾರದ ದಟ್ಟಣೆಯ ವಿಷಯವಾಗಿ ಮೇಲೆ ಹೇಳಿದ ಮಾತು ಇಲ್ಲಿ ಅನ್ವಯಿಸುತ್ತದೆ. ಹದಿನೈದು ವರ್ಷಗಳಿಂದ ದೋಣಿಗಳ ಸಂಖ್ಯೆ ಇಳಿಯುತ್ತ ಬಂದಿದ್ದುದರಿಂದ ಕಾಲುವೆಯ ನೀರನ್ನು ಎಡೆಬಿಡದೆ ಕಲಕುವ ಸಂಚಾರ ಉಳಿದಿರಲಿಲ್ಲ. ಹೂಳು ತೆಗೆಯುವ ಕೆಲಸವೂ ಹಿಂದೆ ಬಿದ್ದಿದ್ದಿತು. ಆಳ ಕಡಮೆಯಾದಷ್ಟೂ ಮಂಜು ಬೇಗ ಕಟ್ಟುತ್ತದೆ. ಎಂದ ಮೇಲೆ ಮಂಜುಗಡ್ಡೆಯ ದಪ್ಪವೂ ಒಂದು ಮಟ್ಟಿಗೆ ಮನುಷ್ಯಕೃತವೇ ಎಂಬುದು ನಮ್ಮ ಅನುಮಾನ. ಇದನ್ನು ಸಂಖ್ಯೆಗಳಿಂದ ಸಾಧಿಸುವುದು ಸುಲಭವಲ್ಲ. ಆದರೆ 1895ರ ಮತ್ತು 1963ರ ಫಲಗಳಲ್ಲಿರುವ ಅಂತರವನ್ನು ಚಳಿಯ ಅಳತೆಯೊಂದರಿಂದ ವಿವರಿಸುವುದು ಅದಕ್ಕಿಂತಲೂ ಕಷ್ಟ.

ಇನ್ನೊಂದು ಕಾಕತಾಳೀಯವೂ ಸೇರಿಕೊಂಡಿತು. ಸಾರಿಗೆ ಆಯೋಗವನ್ನು ವಿಸರ್ಜಿಸಿ ಜಲಮಾರ್ಗಗಳಿಗೆಂದೇ ರಚಿಸಿದ ಬ್ರಿಟಿಷ್ ಜಲಮಾರ್ಗ ಮಂಡಲಿ ಅಧಿಕಾರ ವಹಿಸಿಕೊಂಡುದು 1963ರ ಜನವರಿ 1ರಂದು, ಎಂದರೆ ಹಿಮದ ಬಿರುಗಾಳಿಯ ಮರುದಿನಗಳಲ್ಲಿ. ಹೊಸ ಮಂಡಲಿಯ ಮುಂದೆ ಬಂದ ಮೊದಲ ದೃಶ್ಯವೇ ಚಲಿಸದ ದೋಣಿಗಳು, ಸರಕು ಬಾರದೆ ಲಾರಿಯನ್ನು ಗೊತ್ತುಮಾಡಿಕೊಳ್ಳುತ್ತಿದ್ದ ಗಿರಾಕಿಗಳು, ಆದಾಯವಿಲ್ಲದ ವಾರಗಳು. ನಷ್ಟದಲ್ಲಿದ್ದ ಸಾಗಣೆಯನ್ನು ಕೈಬಿಡುವುದಕ್ಕೆ ಕಾರಣ ಹುಡುಕುವ ಕಷ್ಟವನ್ನು ಹವಾಮಾನವೇ ತಪ್ಪಿಸಿತು. ಆ ವರ್ಷದಲ್ಲಿಯೇ ಮಂಡಲಿ ತನ್ನ ಕಿರುದೋಣಿಗಳ ಸಾಗಣೆಯ ಬಹುಭಾಗವನ್ನು ನಿಲ್ಲಿಸಿತು. ಕೆಲವು ದೋಣಿಗಳು ವಿಲ್ಲೋ ರೆನ್ ಎಂಬ ಖಾಸಗಿ ಸಂಸ್ಥೆಯ ಕೈಗೆ ಹೋದುವು. ಮಂಜು ಕರಗಿದ ಅದೇ ಮಾರ್ಚಿ ತಿಂಗಳ 27ರಂದು ರೈಲುದಾರಿಗಳ ಮೂರನೆಯ ಒಂದು ಭಾಗದಷ್ಟನ್ನು ಮುಚ್ಚಬೇಕೆಂಬ ಬೀಚಿಂಗ್ ವರದಿಯೂ ಹೊರಬಿದ್ದಿತೆಂಬುದನ್ನು ನೆನೆದರೆ, ಇದು ಹವೆಯ ಪ್ರಶ್ನೆಯೋ ಕಾಲದ ಧೋರಣೆಯ ಪ್ರಶ್ನೆಯೋ ಎಂಬುದನ್ನು ಓದುಗರೇ ತೂಗಿನೋಡಬಹುದು. ರೈಲುದಾರಿಗಳೇನೂ ಹೆಪ್ಪುಗಟ್ಟುವ ನೀರಿನಿಂದ ಮಾಡಿದುವಲ್ಲ.

ಸಾಗಣೆ ಆ ಚಳಿಗಾಲದಲ್ಲಿ ಪೂರ್ತಿಯಾಗಿ ಸತ್ತಿತೆಂಬುದೂ ನಿಜವಲ್ಲ. ವಾರ್ವಿಕ್‌ಷೈರಿನ ಗಣಿಪ್ರದೇಶದಿಂದ ಸೌತ್‌ಹಾಲಿನ ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ಸಾಗಿಸುವ ಕರಾರು ಇನ್ನೂ ಏಳು ವರ್ಷ ನಡೆಯಿತು. ದೂರದ ಸಾಗಣೆಯಲ್ಲಿ ಅದೇ ಕೊನೆಯ ನಿಯತವಾದ ಕರಾರೆಂದು ಗಣಿಸಲ್ಪಟ್ಟಿದೆ; 1970ರ ಅಕ್ಟೋಬರಿನಲ್ಲಿ ಅದು ನಿಂತಿತು. ನಿಂತದ್ದು ಚಳಿಯಿಂದಲ್ಲ; ಕಾರ್ಖಾನೆ ಕಲ್ಲಿದ್ದಲನ್ನು ಉರಿಸುವುದನ್ನು ಬಿಟ್ಟುದರಿಂದ.

ಅಳಿವಿನ ಕಾರಣ ಹವಾಮಾನವೆಂದು ಬರೆದುಬಿಟ್ಟರೆ ಮರೆಯಾಗುವುದು ದೋಣಿಜನರ ವಿಷಯ. ಅವರಿಗೆ ಕೆಲಸ ಹೋಯಿತೆಂದರೆ ಮನೆಯೂ ಹೋಯಿತೆಂದೇ ಅರ್ಥ. ದೋಣಿ ಕಂಪನಿಯದು ಅಥವಾ ಮಂಡಲಿಯದು. ಕೋಣೆ ದೋಣಿಯ ಭಾಗ. ಮೂರು ನಾಲ್ಕು ತಲೆಮಾರುಗಳಿಂದ ದಂಡೆಯ ಮೇಲೆ ವಿಳಾಸವೇ ಇಲ್ಲದಿದ್ದ ಸಂಸಾರಗಳು ಮಧ್ಯವಯಸ್ಸಿನಲ್ಲಿ, ಅಕ್ಷರಜ್ಞಾನವಿಲ್ಲದೆ, ಬಾಡಿಗೆಮನೆಗಾಗಿಯೂ ಕೂಲಿಗಾಗಿಯೂ ಅರ್ಜಿ ಹಾಕಬೇಕಾಯಿತು. ಕೆಲವರಿಗೆ ಕಾಲುವೆಯ ದುರಸ್ತಿಯಲ್ಲಿ, ಲಾಕುಗಳ ಕಾವಲಿನಲ್ಲಿ ಕೆಲಸ ದೊರೆಯಿತು. ಕೆಲವರು ಕಾರ್ಖಾನೆಗಳಿಗೆ ಸೇರಿದರು. ಮಕ್ಕಳಿಗೆ ಶಾಲೆ ಸಿಕ್ಕಿತೆಂಬುದನ್ನೂ ಹೇಳದಿರುವುದು ನ್ಯಾಯವಲ್ಲ. ಆ ಕೋಣೆಯ ಬದುಕು ಮುಗಿದುದಕ್ಕೆ ತಾಯಂದಿರೆಲ್ಲ ದುಃಖಿಸಿದರೆಂದು ನಂಬಲು ನಾವು ಸಿದ್ಧರಿಲ್ಲ. ನೀರು ತುಂಬಿದ ಮಡಕೆ ಕೋಣೆಯೊಳಗೇ ಕಲ್ಲಾಗುವ ಇರುಳುಗಳಲ್ಲಿ ಹಸುಗೂಸನ್ನು ಕಾದುಕೊಂಡವರು ಅವರು. ಅವರಿಗೆ ಆಯ್ಕೆಯನ್ನು ಕೊಟ್ಟು ಬದಲಾವಣೆ ತರುವುದು ಬೇರೆ. ಒಂದು ವಸಂತದಲ್ಲಿ ದೋಣಿಗಳನ್ನು ಸಾಲಾಗಿ ಕಟ್ಟಿಹಾಕುವುದು ಬೇರೆ.

ಸ್ಟೋಕ್ ಬ್ರುಯೆರ್ನಿನಲ್ಲಿ, ಮೇರಿ ವಾರ್ಡ್ ಶುಶ್ರೂಷೆ ಮಾಡುತ್ತಿದ್ದ ಅದೇ ಹಳ್ಳಿಯಲ್ಲಿ, ಜಲಮಾರ್ಗ ಮಂಡಲಿ ಒಂದು ಹಳೆಯ ಗಿರಣಿಯ ಕಟ್ಟಡದಲ್ಲಿ ಕಾಲುವೆ ವಸ್ತುಸಂಗ್ರಹಾಲಯವನ್ನು ತೆರೆದುದು 1963ರಲ್ಲಿಯೇ. ಬಣ್ಣದ ನೀರಿನ ಕೊಡಗಳೂ ಹಿತ್ತಾಳೆಯ ಗುಂಡುಗಳೂ ಅಲ್ಲಿಗೆ ಬಂದು ಸೇರಿದುವು. 1968ರ ಸಾರಿಗೆ ಶಾಸನ ಕಾಲುವೆಗಳನ್ನು ಸರಕಿನವು, ವಿಹಾರದವು, ಉಳಿದವು ಎಂದು ವಿಂಗಡಿಸಿತು. ಕಿರುಕಾಲುವೆಗಳಲ್ಲಿ ಮುಖ್ಯವಾದುವು ವಿಹಾರದ ಪಂಕ್ತಿಗೆ ಸಂದುವು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಕಾಲುವೆಗಳ ಬಹುಭಾಗವನ್ನು ಒಂದು ಧರ್ಮದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ. ವಿಹಾರದ ದೋಣಿಗಳು ಓಡುವುದು ಬೇಸಗೆಯಲ್ಲಾದುದರಿಂದ ಲಾಕುಗಳನ್ನು ಬರಿದುಮಾಡಿ ಬಾಗಿಲು ಬದಲಿಸುವ ದೊಡ್ಡ ದುರಸ್ತಿಗಳನ್ನು ಈಗ ನವೆಂಬರಿನಿಂದ ಮಾರ್ಚಿಯವರೆಗೆ ಇಟ್ಟುಕೊಳ್ಳುತ್ತಾರೆ. ಆದರೂ ನಗರಗಳ ಮನೆಬಾಡಿಗೆಯನ್ನು ತೆರಲಾರದೆಯೋ ಒಲ್ಲದೆಯೋ ವರ್ಷವಿಡೀ ದೋಣಿಯಲ್ಲಿಯೇ ವಾಸಿಸುವವರು ಈಗಲೂ ಇದ್ದಾರೆ. ಚಳಿಗಾಲದಲ್ಲಿ ಅವರ ಒಲೆಗಳಿಗೆ ಉರುವಲನ್ನು ಮೂಟೆಗಳಲ್ಲಿ ತಂದು ಮಾರುವುದಕ್ಕಾಗಿ ಹಳೆಯ ಸರಕುದೋಣಿಗಳಲ್ಲಿ ಕೆಲವು, ಮಂಜುಗಡ್ಡೆ ಬಿಟ್ಟಷ್ಟು ದಿನ, ಅದೇ ನೀರಿನ ಮೇಲೆ ಇಂದಿಗೂ ಸಾಗುತ್ತಿವೆ.